ಕಲಿಸುತ್ತಲೇ ಕಲಿಯುವ ಕಾಯಕ

(ಶಿಕ್ಷಕರ ದಿನದ ನಿಮಿತ್ತ ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಸರಕಾರಿ ಪ್ರೌಢಶಾಲೆಯ ಗಣಿತ ಶಿಕ್ಷಕಿಯೊಬ್ಬರು ನೀಡಿದ ಉಪನ್ಯಾಸದ ಬರಹರೂಪ)

 

ಇವತ್ತಿನ ಗೋಷ್ಠಿಗೆ ಪೂಜ್ಯರು ನನಗೆ ಒಂದು ವಿಷಯ ಕೊಟ್ಟಿದ್ದಾರೆ. ಶಾಲೆಯಲ್ಲಿ ಪಾಠ ಮಾಡುತ್ತಲೇ ಶಿಕ್ಷಣಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಮಾಡುವುದು ಹೇಗೆ, ಯಾಕೆ ಮಾಡಬೇಕು, ಅದರಿಂದ ಶಾಲೆಗೆ ಏನು ಬಂತು. ನಾನು ದೊಡ್ಡ ವಿದ್ವಾಂಸಳಲ್ಲ. ಹದಿನಾಲ್ಕು ವರ್ಷದಿಂದ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೇನೆ. ಅದರಲ್ಲಿ ಮೂರು ವರ್ಷ ದೂರಶಿಕ್ಷಣದ ಮೂಲಕ ಶಿಕ್ಷಣದಲ್ಲಿ ಎಂ.ಎ. ಓದಿದೆ. ಆದ್ದರಿಂದ ಅನುಭವದ ಮಾತು ಹೇಳಬಲ್ಲೆ.

ನಾನು ಪ್ರವೇಶ ಪಡೆದ ಸುದ್ದಿ ಗೊತ್ತಾದಾಗ ಶಾಲೆಯಲ್ಲಿ, ಮನೆಯಲ್ಲಿ, ಬಸ್ಸಿನಲ್ಲಿ ಎಲ್ಲರೂ ಕೇಳಿದ ಪ್ರಶ್ನೆ ಒಂದೇ. "ಟೀಚರ್, ನೌಕರಿ ಐತಿ, ಪಗಾರ ಬರತೈತಿ, ಇನ್ನ್ಯಾಕ ಓದು?" ಈ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ನಮ್ಮ ಸಮಾಜದಲ್ಲಿ ಓದು ಅಂದರೆ ನೌಕರಿಗೆ ಹೋಗುವ ದಾರಿ. ನೌಕರಿ ಸಿಕ್ಕ ಮೇಲೆ ದಾರಿಯ ಕೆಲಸ ಮುಗಿಯಿತು ಎಂದು ಜನ ತಿಳಿಯುತ್ತಾರೆ. ಆದರೆ ಶಿಕ್ಷಕರಾದ ನಾವೂ ಹಾಗೆಯೇ ತಿಳಿದರೆ ಗತಿ ಏನು? ಮಕ್ಕಳಿಗೆ ದಿನಾ "ಓದ್ರಿ, ಓದ್ರಿ" ಎಂದು ಹೇಳುವವರು ನಾವು. ನಮ್ಮ ಕೈಯಲ್ಲಿ ಕೊನೆಯ ಸಲ ಪುಸ್ತಕ ಇದ್ದದ್ದು ಯಾವಾಗ ಎಂದು ಮಕ್ಕಳು ಕೇಳಿದರೆ ಉತ್ತರ ಇರಬೇಕಲ್ಲವೆ?

ಮೊದಲು ದಾರಿಗಳ ವಿಚಾರ ಹೇಳುತ್ತೇನೆ. ಇಲ್ಲಿ ಬಂದಿರುವ ಅನೇಕ ಯುವ ಶಿಕ್ಷಕರಿಗೆ ಇದರ ಸ್ಪಷ್ಟ ಮಾಹಿತಿ ಬೇಕಾಗಿದೆ.

ಶಿಕ್ಷಣದಲ್ಲಿ ಸ್ನಾತಕೋತ್ತರ ಪದವಿ ಎಂದರೆ ಮುಖ್ಯವಾಗಿ ಎರಡು. ಒಂದು ಎಂ.ಇಡಿ. ಇದು ವೃತ್ತಿಪರ ಪದವಿ. ಇದನ್ನು ನಿಯಂತ್ರಿಸುವುದು ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು, ಅಂದರೆ ಎನ್‌ಸಿಟಿಇ. ಹಿಂದೆ ಎಂ.ಇಡಿ ಒಂದು ವರ್ಷದ್ದಾಗಿತ್ತು. ಸುಪ್ರೀಂ ಕೋರ್ಟ್ ನೇಮಿಸಿದ್ದ ನ್ಯಾಯಮೂರ್ತಿ ಜೆ. ಎಸ್. ವರ್ಮಾ ಆಯೋಗ 2012ರಲ್ಲಿ ವರದಿ ಕೊಟ್ಟಿತು. ಆಮೇಲೆ 2014ರ ನಿಯಮಾವಳಿ ಬಂತು. 2015ರಿಂದ ಬಿ.ಇಡಿ, ಎಂ.ಇಡಿ ಎರಡೂ ಎರಡೆರಡು ವರ್ಷ ಆದವು. ಆ ನಿಯಮದ ಪ್ರಕಾರ ಎಂ.ಇಡಿ ಎಂದರೆ ವರ್ಷಕ್ಕೆ ಕನಿಷ್ಠ 200 ದಿನ ಕಾಲೇಜು ನಡೆಯಬೇಕು, ವಾರಕ್ಕೆ 36 ಗಂಟೆ. ತರಗತಿಗೆ ಶೇ. 80 ಹಾಜರಾತಿ, ಕ್ಷೇತ್ರ ಕಾರ್ಯಕ್ಕೆ ಶೇ. 90 ಹಾಜರಾತಿ. ಪ್ರವೇಶಕ್ಕೆ ಬಿ.ಇಡಿಯಲ್ಲಿ ಸಾಮಾನ್ಯವಾಗಿ ಶೇ. 50 ಅಂಕ ಬೇಕು.

ವಾರಕ್ಕೆ 36 ಗಂಟೆ ಎಂದರೆ ಏನು? ಅದು ನಮ್ಮ ಶಾಲೆಯ ಹೊತ್ತೇ. ಒಬ್ಬ ಮನುಷ್ಯ ಒಂದೇ ಹೊತ್ತಿನಲ್ಲಿ ಎರಡು ಕಡೆ ಇರಲಾರ. ಆದ್ದರಿಂದ ನೌಕರಿಯಲ್ಲಿರುವವರು ರೆಗ್ಯುಲರ್ ಎಂ.ಇಡಿ ಮಾಡಬೇಕಾದರೆ ಇಲಾಖೆಯಿಂದ ಅಥವಾ ಆಡಳಿತ ಮಂಡಳಿಯಿಂದ ಅಧ್ಯಯನಕ್ಕಾಗಿ ರಜೆ ಪಡೆಯಲೇಬೇಕು. ಬೇರೆ ದಾರಿ ಇಲ್ಲ.

ಎರಡನೆಯದು ಶಿಕ್ಷಣದಲ್ಲಿ ಎಂ.ಎ. ಇಲ್ಲಿ ಶಿಕ್ಷಣವನ್ನು ಇತಿಹಾಸ, ಸಮಾಜಶಾಸ್ತ್ರದ ಹಾಗೆ ಒಂದು ಜ್ಞಾನಶಾಖೆಯಾಗಿ ಓದುತ್ತೇವೆ. ಇದನ್ನು ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೋ, ದೂರಶಿಕ್ಷಣದಲ್ಲಿ ನಡೆಸುತ್ತದೆ. ಯಾವ ಪದವಿ ಆಗಿದ್ದರೂ ಸೇರಬಹುದು. ಕನಿಷ್ಠ 2 ವರ್ಷ, ಗರಿಷ್ಠ 4 ವರ್ಷದಲ್ಲಿ ಮುಗಿಸಬಹುದು. ಮನೆಯಲ್ಲಿ ಬರೆದು ಕಳಿಸುವ ಅಸೈನ್‌ಮೆಂಟಿಗೆ ಶೇ. 30, ಪರೀಕ್ಷೆಗೆ ಶೇ. 70 ಅಂಕ. ಪರೀಕ್ಷೆ ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರಿನಲ್ಲಿ. ನಮ್ಮ ಭಾಗದವರಿಗೆ ವಿಜಯಪುರದಲ್ಲೇ ಇಗ್ನೋದ ಪ್ರಾದೇಶಿಕ ಕೇಂದ್ರ ಇದೆ. ನಾನು ಹಿಡಿದದ್ದು ಈ ದಾರಿ.

ಯಾವ ದಾರಿ ಯಾರಿಗೆ? ಬಿ.ಇಡಿ ಕಾಲೇಜಿನಲ್ಲಿ ಗಣಿತ, ವಿಜ್ಞಾನ, ಭಾಷೆಗಳ ಬೋಧನಶಾಸ್ತ್ರ ಕಲಿಸುವ ಉಪನ್ಯಾಸಕರಾಗಬೇಕು ಎನ್ನುವವರಿಗೆ 2014ರ ನಿಯಮದಂತೆ ಆ ವಿಷಯದ ಸ್ನಾತಕೋತ್ತರ ಪದವಿ ಮತ್ತು ಎಂ.ಇಡಿ, ಎರಡರಲ್ಲೂ ಶೇ. 55 ಬೇಕು. ಅವರು ಎಂ.ಇಡಿ ಮಾಡಲಿ. ಶಾಲೆಯಲ್ಲೇ ಇದ್ದು ತನ್ನ ಕೆಲಸವನ್ನು ಚೆನ್ನಾಗಿ ತಿಳಿದು ಮಾಡಬೇಕು ಎನ್ನುವವರಿಗೆ ದೂರಶಿಕ್ಷಣದ ಎಂ.ಎ. ಸಾಕು. ಇನ್ನೊಂದು ಮಾತು. 2025ರಲ್ಲಿ ಎನ್‌ಸಿಟಿಇ ಪ್ರಕಟಿಸಿದ ಕರಡು ನಿಯಮಾವಳಿಯಲ್ಲಿ ಒಂದು ವರ್ಷದ ಎಂ.ಇಡಿಯನ್ನು ಮತ್ತೆ ತರುವ, ನೌಕರಿಯಲ್ಲಿರುವ ಶಿಕ್ಷಕರಿಗಾಗಿ ಎರಡು ವರ್ಷದ ಅರೆಕಾಲಿಕ ಎಂ.ಇಡಿ ನಡೆಸುವ ಪ್ರಸ್ತಾಪ ಇದೆ. ಅದು ಒಳ್ಳೆಯ ಹೆಜ್ಜೆ. ಆದರೆ ಕರಡು ಕರಡೇ. ನೀವು ಸೇರುವ ವರ್ಷದ ನಿಯಮ ಏನಿದೆ, ಸೇರುವ ಕಾಲೇಜಿಗೆ ಮಾನ್ಯತೆ ಇದೆಯೇ ಎಂಬುದನ್ನು ಪರಿಷತ್ತಿನ ಪಟ್ಟಿಯಲ್ಲೇ ನೋಡಿಕೊಳ್ಳಿ. ಸರಕಾರಿ ನೌಕರರು ಇಲಾಖೆಯ ಅನುಮತಿಯನ್ನು ಬರಹದಲ್ಲಿ ಪಡೆಯದೆ ಫೀ ಕಟ್ಟಬೇಡಿ.

ಇವು ಎರಡು ನೇರ ದಾರಿ. ಮೂರನೆಯದು ಒಂದು ಅಡ್ಡದಾರಿ ಇದೆ. ಅದರ ಬಗ್ಗೆ ಈ ವೇದಿಕೆಯಲ್ಲಿ ಮಾತಾಡದಿದ್ದರೆ ನಾನು ಇಲ್ಲಿಗೆ ಬಂದದ್ದು ವ್ಯರ್ಥ.

ಎಂ.ಇಡಿಯ ವಿಚಾರಣೆಗೆ ಹೋದಾಗ ಒಂದು ಕಾಲೇಜಿನವರು ನನಗೆ ಹೇಳಿದ್ದು ಇದು: "ಫೀ ಕಟ್ಟಿ ಹೋಗ್ರಿ ಮೇಡಂ, ಪರೀಕ್ಷೆಗೆ ಬಂದ್ರ ಸಾಕು. ಹಾಜರಿ ನಾವು ನೋಡ್ಕೋತೀವಿ. ಪ್ರಬಂಧಾನೂ ಮಾಡಿಸಿಕೊಡ್ತೀವಿ." ಆ ಕಾಲೇಜಿನ ಹೆಸರು ಇಲ್ಲಿ ಮುಖ್ಯವಲ್ಲ. ಇದು ಒಂದು ಕಾಲೇಜಿನ ಕಥೆಯಾಗಿದ್ದರೆ ನಾನು ಇಲ್ಲಿ ಹೇಳುತ್ತಲೂ ಇರಲಿಲ್ಲ. ಶಿಕ್ಷಕರ ವಲಯದಲ್ಲಿ ಇದಕ್ಕೆ "ನಾನ್ ಅಟೆಂಡಿಂಗ್" ಎಂಬ ಹೆಸರೇ ಇದೆ. ಶಾಲೆಯ ಹಾಜರಿ ಪುಸ್ತಕದಲ್ಲೂ ಸಹಿ, ಕಾಲೇಜಿನ ಹಾಜರಿ ಪುಸ್ತಕದಲ್ಲೂ ಸಹಿ. ಒಂದೇ ದಿನ, ಒಂದೇ ಹೊತ್ತು.

ಶರಣ ಬಂಧುಗಳೆ, ನಾವು ಕಾಯಕದ ಮಾತಾಡುವ ಜನ. ಮಾಡದ ಕೆಲಸಕ್ಕೆ ಕೂಲಿ ಪಡೆಯುವುದು ಕಾಯಕವಲ್ಲ ಎಂದು ನಮ್ಮ ಮಕ್ಕಳಿಗೆ ಹೇಳಿಕೊಡುತ್ತೇವೆ. ಹಾಗಾದರೆ ಓದದ ಓದಿಗೆ ಪದವಿ ಪಡೆಯುವುದು ಏನು? ಅದೂ ಯಾವ ಓದಿಗೆ? ಮಕ್ಕಳಿಗೆ ಕಾಪಿ ಹೊಡೆಯಬೇಡ ಎಂದು ಹೇಳುವುದು ಹೇಗೆ ಎಂದು ಕಲಿಸುವ ಓದಿಗೆ! ಪರೀಕ್ಷಾ ಕೊಠಡಿಯಲ್ಲಿ ಹುಡುಗನ ಅಂಗಿಯ ತೋಳಿನೊಳಗಿನ ಚೀಟಿ ಹಿಡಿಯುವ ನಾವು, ಇನ್ನೊಬ್ಬರು ಬರೆದ ಇನ್ನೂರು ಪುಟದ ಪ್ರಬಂಧಕ್ಕೆ ನಮ್ಮ ಹೆಸರು ಹಾಕಿ ರಟ್ಟು ಕಟ್ಟಿಸಿದರೆ, ಯಾರ ಚೀಟಿ ದೊಡ್ಡದು?

ಇದು ಬರೀ ನೀತಿಯ ಮಾತಲ್ಲ, ಕಾನೂನಿನ ಮಾತೂ ಹೌದು. ಕೃತಿಚೌರ್ಯ ತಡೆಯಲು ಯುಜಿಸಿ 2018ರಲ್ಲಿ ನಿಯಮ ಮಾಡಿದೆ. ಬೇರೆಯವರ ಬರಹದೊಂದಿಗೆ ಹೋಲಿಕೆ ಶೇ. 10ರೊಳಗಿದ್ದರೆ ಶಿಕ್ಷೆ ಇಲ್ಲ. ಶೇ. 10ರಿಂದ 40 ಇದ್ದರೆ ತಿದ್ದಿ ಮತ್ತೆ ಸಲ್ಲಿಸಬೇಕು. ಶೇ. 40ರಿಂದ 60 ಇದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ. ಶೇ. 60 ದಾಟಿದರೆ ನೋಂದಣಿಯೇ ರದ್ದು. ಈಗ ಮೊಬೈಲಿನಲ್ಲಿ ಕೇಳಿದರೆ ಸಾಕು, ಪ್ರಬಂಧ ಬರೆದುಕೊಡುವ ತಂತ್ರಾಂಶಗಳೂ ಬಂದಿವೆ. ಆದರೆ ಯಂತ್ರಕ್ಕೆ ನಿಮ್ಮ ಎಂಟನೇ ಕ್ಲಾಸಿನ ಮಕ್ಕಳು ಗೊತ್ತಿಲ್ಲ. ನಿಮಗೆ ಗೊತ್ತು. ನಿಮ್ಮ ಪ್ರಬಂಧಕ್ಕೆ ಬೆಲೆ ಬರುವುದೇ ಅದರಿಂದ.

ಈಗ ಓದಿನಿಂದ ಏನು ಬಂತು ಎಂಬ ಮಾತಿಗೆ ಬರುತ್ತೇನೆ. ಒಂದೇ ಉದಾಹರಣೆ ಕೊಡುತ್ತೇನೆ. ಗಣಿತದ್ದು, ಆದರೆ ಗಾಬರಿಯಾಗಬೇಡಿ, ಸಂತೆಯ ಲೆಕ್ಕವೇ.

ಎಂಟನೇ ಕ್ಲಾಸಿನ ಮಕ್ಕಳಿಗೆ ಬೋರ್ಡಿನ ಮೇಲೆ 1/2 + 1/4 ಎಂದು ಬರೆದು ಎಷ್ಟು ಎಂದು ಕೇಳಿ. ಕೆಲವರಾದರೂ 2/6 ಎಂದು ಬರೆಯುತ್ತಾರೆ. ಮೇಲಿನದು ಮೇಲಿನದಕ್ಕೆ, ಕೆಳಗಿನದು ಕೆಳಗಿನದಕ್ಕೆ ಕೂಡಿಸಿಬಿಡುತ್ತಾರೆ. ಇದು ನಮ್ಮ ಹಳ್ಳಿಯ ಮಕ್ಕಳ ದಡ್ಡತನವಲ್ಲ. ಎಷ್ಟೋ ದೇಶಗಳ ಮಕ್ಕಳು ಹೀಗೆಯೇ ಮಾಡುತ್ತಾರೆ ಎಂದು ಗಣಿತ ಶಿಕ್ಷಣದ ಸಂಶೋಧನೆಗಳು ಹೇಳುತ್ತವೆ. ಬಿಡಿ ಸಂಖ್ಯೆಗಳನ್ನು ಕೂಡಿಸಿ ರೂಢಿಯಾದ ಮಗು ಅದೇ ರೂಢಿಯನ್ನು ಭಿನ್ನರಾಶಿಗೂ ಹಚ್ಚುತ್ತದೆ. ಸಾಮಾನ್ಯವಾಗಿ ಶಾಲೆಗಳಲ್ಲಿ ಏನು ನಡೆಯುತ್ತದೆ? ಕೆಂಪು ಶಾಯಿಯ ಗೀಟು, ಲ.ಸಾ.ಅ. ತೆಗೆಯುವ ವಿಧಾನ ಹತ್ತು ಸಲ ಬರೆ ಎಂಬ ಅಪ್ಪಣೆ.

ನನ್ನ ಓದಿನ ಎರಡನೇ ವರ್ಷದಲ್ಲಿ ಒಂದು ದಿನ ಹಾಗೆ ಬರೆದ ಹುಡುಗಿಯನ್ನು ಕರೆದು ಕೇಳಿದೆ. "ನಿಮ್ಮವ್ವ ಅಂಗಡಿಗೆ ಕಳಿಸ್ಯಾಳ. ಅರ್ಧ ಕಿಲೋ ಸಕ್ಕರಿ ತಂದಿ. ಸಾಲಲಿಲ್ಲ ಅಂತ ಮತ್ತ ಕಾಲು ಕಿಲೋ ತಂದಿ. ಎಷ್ಟಾತು?" ಒಂದು ಕ್ಷಣವೂ ತಡ ಇಲ್ಲ. "ಮುಕ್ಕಾಲು ಕಿಲೋ ರೀ ಟೀಚರ್." ಬೋರ್ಡಿನ ಮೇಲಿನ 2/6 ತೋರಿಸಿ "ಇದು ಎಷ್ಟು?" ಎಂದೆ. ಆಕೆ ನೋಡಿದಳು. ಆರು ಪಾಲಿನಲ್ಲಿ ಎರಡು ಪಾಲು. ರೊಟ್ಟಿಯ ಚಿತ್ರ ಬರೆದು ಬಣ್ಣ ಹಚ್ಚಿದಳು. ಆಮೇಲೆ ತಾನೇ ನಕ್ಕಳು. "ಅರ್ಧಕ್ಕಿಂತ ಕಡಿಮಿ ಆತಲ್ರೀ! ಕೂಡಿಸಿದ ಮ್ಯಾಲ ಕಡಿಮಿ ಹೆಂಗ ಆಗತೈತಿ?"

ನೋಡಿ, ಅರ್ಧ ಮತ್ತು ಕಾಲು ಸೇರಿದರೆ ಮುಕ್ಕಾಲು ಎಂಬುದು ಆ ಮಗುವಿಗೆ ಮೊದಲೇ ಗೊತ್ತಿತ್ತು. ಅದು ಮನೆಯಲ್ಲಿ, ಕನ್ನಡದಲ್ಲಿ ಗೊತ್ತಿತ್ತು. ಬೋರ್ಡಿನ ಮೇಲಿನ ಅಂಶ, ಛೇದ ಎಂಬುದು ಅದಕ್ಕೆ ಬೇರೆ ಲೋಕ. ಎರಡರ ನಡುವೆ ಬಾಗಿಲು ಇರಲಿಲ್ಲ.

ಈ ಪ್ರಶ್ನೆ ಕೇಳುವ ಬುದ್ಧಿ ನನಗೆ ಎಲ್ಲಿಂದ ಬಂತು? ಓದಿನಿಂದ ಬಂತು. ರಷ್ಯಾದ ಮನೋವಿಜ್ಞಾನಿ ಲೆವ್ ವೈಗಾಟ್‌ಸ್ಕಿ 1934ರಲ್ಲಿ ತೀರಿಕೊಂಡವರು. ಬದುಕಿದ್ದು ಮೂವತ್ತೇಳು ವರ್ಷ. ಮಗು ದಿನಬಳಕೆಯಲ್ಲಿ ಕಟ್ಟಿಕೊಂಡ ತಿಳಿವಳಿಕೆ ಒಂದು, ಶಾಲೆ ಕೊಡುವ ಶಾಸ್ತ್ರದ ತಿಳಿವಳಿಕೆ ಇನ್ನೊಂದು, ಇವೆರಡೂ ಒಂದನ್ನೊಂದು ಮುಟ್ಟಿದಾಗ ಕಲಿಕೆ ಗಟ್ಟಿಯಾಗುತ್ತದೆ ಎಂದು ಅವರು ವಿವರಿಸಿದರು. ಅಮೆರಿಕದ ಜಾನ್ ಡ್ಯೂಯಿ ಅದಕ್ಕೂ ಮೊದಲೇ, ಶಾಲೆಯ ಪಾಠ ಮತ್ತು ಮಗುವಿನ ಬದುಕು ಬೇರೆಬೇರೆಯಾಗಿರುವುದು ದೊಡ್ಡ ನಷ್ಟ ಎಂದು ಬರೆದಿದ್ದರು. ಬ್ರೆಜಿಲ್‌ನ ಪಾವ್ಲೊ ಫ್ರೇರಿ, ಮಕ್ಕಳನ್ನು ಖಾಲಿ ಬ್ಯಾಂಕ್ ಖಾತೆ ಎಂದು ತಿಳಿದು ಅದರಲ್ಲಿ ಜಮಾ ಮಾಡುತ್ತಾ ಹೋಗುವ ಪದ್ಧತಿಯನ್ನು ಕಟುವಾಗಿ ಟೀಕಿಸಿದರು. ಇವೆಲ್ಲ ಬಿ.ಇಡಿಯಲ್ಲಿ ಪರೀಕ್ಷೆಗೆಂದು ಓದಿದ ಹೆಸರುಗಳೇ. ಆದರೆ ಆಗ ನಮ್ಮ ಮುಂದೆ ಮಕ್ಕಳಿರಲಿಲ್ಲ. ಹತ್ತು ವರ್ಷ ಪಾಠ ಮಾಡಿ ಮತ್ತೆ ಓದಿದಾಗ ಪ್ರತಿ ಪುಟದಲ್ಲೂ ನಮ್ಮ ಶಾಲೆಯ ಒಂದು ಮಗುವಿನ ಮುಖ ಕಾಣುತ್ತದೆ. ನೌಕರಿಯಲ್ಲಿದ್ದುಕೊಂಡು ಓದುವವರಿಗೆ ಇರುವ ದೊಡ್ಡ ಲಾಭ ಇದು. ಬೆಳಿಗ್ಗೆ ಓದಿದ್ದನ್ನು ಮಧ್ಯಾಹ್ನವೇ ಒರೆಗೆ ಹಚ್ಚಬಹುದು.

ಕೆಲವರು ಹೇಳುತ್ತಾರೆ, ಸಂಶೋಧನೆ ಎಂಬುದು ವಿಶ್ವವಿದ್ಯಾಲಯದ ಪ್ರೊಫೆಸರರ ಕೆಲಸ, ಶಾಲೆಯ ಮಾಸ್ತರರಿಗೆ ಅದೆಲ್ಲ ಯಾಕೆ ಎಂದು. ಇತಿಹಾಸ ಬೇರೆಯೇ ಹೇಳುತ್ತದೆ. ಗುಜರಾತಿನ ಗಿಜುಭಾಯಿ ಬಧೇಕಾ ವಕೀಲಿ ಬಿಟ್ಟು ಭಾವನಗರದಲ್ಲಿ ಮಕ್ಕಳ ನಡುವೆ ಕೂತು ಪ್ರಯೋಗ ಮಾಡಿದರು. ಅವರ 'ದಿವಾಸ್ವಪ್ನ' ನಾಲ್ಕನೇ ಇಯತ್ತೆಯ ಒಂದು ತರಗತಿಯಲ್ಲಿ ಒಂದು ವರ್ಷ ನಡೆದ ಪ್ರಯೋಗದ ಕಥೆ. ಅಮೆರಿಕದ ಸ್ಟೀಫನ್ ಕೋರಿ 1953ರಲ್ಲಿ ಬರೆದ ಪುಸ್ತಕ ಕ್ರಿಯಾ ಸಂಶೋಧನೆಯನ್ನು ಶಾಲೆಗಳಿಗೆ ತಂದಿತು. ತನ್ನ ತರಗತಿಯ ತೊಂದರೆಯನ್ನು ಶಿಕ್ಷಕನೇ ಶೋಧಿಸಿ, ಪರಿಹಾರ ಹಚ್ಚಿ, ಫಲ ನೋಡಬೇಕು ಎಂಬುದು ಅದರ ತಿರುಳು.

ದೂರ ಯಾಕೆ ಹೋಗಬೇಕು? ನಮ್ಮ ನಲಿ-ಕಲಿ ಎಲ್ಲಿ ಹುಟ್ಟಿತು? 1995ರ ಹೊತ್ತಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಪ್ರಾಥಮಿಕ ಶಾಲಾ ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ ಅಲ್ಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದರು. ಯುನಿಸೆಫ್ ಬೆಂಬಲ ಇತ್ತು. ಆದರೆ ಕಾರ್ಡು ಬರೆದವರು, ಮಕ್ಕಳೊಂದಿಗೆ ಪರೀಕ್ಷಿಸಿದವರು, ತಿದ್ದಿದವರು ಶಿಕ್ಷಕರೇ. ಅದು ಮುಂದೆ ರಾಜ್ಯದ ಸರಕಾರಿ ಶಾಲೆಗಳಿಗೆಲ್ಲ ಹಬ್ಬಿತು.

ನಮ್ಮ ಭಾಗದ ಇತಿಹಾಸವನ್ನೇ ನೋಡಿ. 19ನೇ ಶತಮಾನದಲ್ಲಿ, ಮರಾಠಿ ಶಾಲೆಗಳೇ ತುಂಬಿದ್ದ ಕಾಲದಲ್ಲಿ, ಕನ್ನಡ ಶಾಲೆಗಳಿಗಾಗಿ, ಶಿಕ್ಷಕರ ತರಬೇತಿಗಾಗಿ ದುಡಿದವರು ಡೆಪ್ಯುಟಿ ಚನ್ನಬಸಪ್ಪನವರು. 1916ರಲ್ಲಿ ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆ ಕಟ್ಟಿದ ಸಪ್ತರ್ಷಿಗಳನ್ನು ನಾವು ನೆನೆಯುತ್ತೇವೆ. ಅವರಲ್ಲಿ ಶಿ. ಶಿ. ಬಸವನಾಳರು ಶಿಕ್ಷಕರೂ ಹೌದು, ವಚನ ಸಾಹಿತ್ಯದ ಸಂಶೋಧಕರೂ ಹೌದು. ಕಲಿಸುವುದು ಬೇರೆ, ಶೋಧಿಸುವುದು ಬೇರೆ ಎಂದು ಅವರು ತಿಳಿಯಲಿಲ್ಲ. ಆ ಪರಂಪರೆಯ ಮುಂದಿನವರು ನಾವು, ಜೆರಾಕ್ಸ್ ಪ್ರಬಂಧಕ್ಕೆ ಸಮಾಧಾನ ಪಡಬೇಕೆ?

ಇನ್ನು ಕಷ್ಟಗಳ ಮಾತು. ನೌಕರಿ ಮಾಡುತ್ತ ಓದುವವರಿಗೆ ಮೂರು ಕಷ್ಟ. ಇಂಗ್ಲಿಷ್, ಹೊತ್ತು, ಮನೆ.

ಇಂಗ್ಲಿಷ್ ಮೊದಲು. ಇಗ್ನೋದ ಎಂ.ಎ. ಪಾಠಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಇವೆ. ನಾನು ಪದವಿಯವರೆಗೆ ಬಹುಪಾಲು ಕನ್ನಡದಲ್ಲೇ ಓದಿದವಳು. ಮೊದಲ ತಿಂಗಳು ಒಂದು ಪುಟಕ್ಕೆ ಅರ್ಧ ಗಂಟೆ ಹಿಡಿಯುತ್ತಿತ್ತು. ನಾನು ಮಾಡಿದ್ದು ಇಷ್ಟೆ. ಇನ್ನೂರು ಪುಟದ ಒಂದು ನೋಟ್‌ಬುಕ್ ಇಟ್ಟೆ. ಪ್ರತಿ ಪಾಠದ ಸಾರವನ್ನು ಕನ್ನಡದಲ್ಲಿ, ನಮ್ಮ ಶಾಲೆಯ ಉದಾಹರಣೆ ಸೇರಿಸಿ, ಒಂದೇ ಪುಟದಲ್ಲಿ ಬರೆದೆ. ಕನ್ನಡದಲ್ಲಿ ಬರೆಯಲು ಬಂದರೆ ಅರ್ಥವಾಗಿದೆ ಎಂದು, ಬರದಿದ್ದರೆ ಮತ್ತೆ ಓದಬೇಕು ಎಂದು ಲೆಕ್ಕ. ವರ್ಷ ಮುಗಿಯುವ ಹೊತ್ತಿಗೆ ಇಂಗ್ಲಿಷೂ ಹತ್ತಿರ ಬಂತು, ಕನ್ನಡದ ಪುಸ್ತಕವೂ ಒಂದು ಆಯಿತು. ಆ ನೋಟ್‌ಬುಕ್ ಈಗ ನಮ್ಮ ತಾಲ್ಲೂಕಿನ ಮೂವರು ಶಿಕ್ಷಕರ ಕೈ ದಾಟಿದೆ. ದೊಡ್ಡ ಅರಿವನ್ನು ಜನರ ಭಾಷೆಯಲ್ಲಿ ಹೇಳಿದ ಶರಣರ ನಾಡು ಇದು. ಶಿಕ್ಷಣಶಾಸ್ತ್ರವೂ ಕನ್ನಡಕ್ಕೆ ಬರಬೇಕಾದರೆ ಕನ್ನಡ ಶಾಲೆಯ ಶಿಕ್ಷಕರೇ ತರಬೇಕು.

ಎರಡನೆಯದು ಹೊತ್ತು. ಒಂದು ಕ್ರೆಡಿಟ್ ಎಂದರೆ 30 ಗಂಟೆಯ ಅಧ್ಯಯನ ಎಂದು ಇಗ್ನೋ ಲೆಕ್ಕ ಹಾಕುತ್ತದೆ. 6 ಕ್ರೆಡಿಟಿನ ಒಂದು ವಿಷಯಕ್ಕೆ 180 ಗಂಟೆ. ದಿನಕ್ಕೆ ಒಂದು ಗಂಟೆಯಂತೆ ಆರು ತಿಂಗಳು. ಇದನ್ನು ಮೊದಲೇ ತಿಳಿದರೆ ಎರಡು ವರ್ಷದಲ್ಲಿ ಮುಗಿಸಲೇಬೇಕು ಎಂಬ ಹಟ ಬಿಡಬಹುದು. ಶಾಲೆಯ ಕೆಲಸದ ಜೊತೆಗೆ ನಮಗೆ ಚುನಾವಣೆ, ಸಮೀಕ್ಷೆ, ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ ತುಂಬುವುದು ಎಲ್ಲ ಇದೆ. ನಾನು ಮೂರು ವರ್ಷ ತೆಗೆದುಕೊಂಡೆ. ಬೆಳಿಗ್ಗೆ ಐದರಿಂದ ಆರು ನನ್ನ ಹೊತ್ತು. ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ತಿಂಗಳುಗಳಲ್ಲಿ ಓದು ನಿಲ್ಲಿಸುತ್ತಿದ್ದೆ, ಯಾಕಂದರೆ ಆ ಹೊತ್ತು ಮಕ್ಕಳದು. ಮಕ್ಕಳ ಹೊತ್ತು ಕದ್ದು ಮಾಡಿದ ಪದವಿ ಯಾವ ಶಿಕ್ಷಕರಿಗೂ ಶೋಭೆ ತರುವುದಿಲ್ಲ.

ಮೂರನೆಯದು ಮನೆ. ಇದನ್ನು ನಾನು ಮುಖ್ಯವಾಗಿ ಇಲ್ಲಿರುವ ಗಂಡಸರಿಗೆ ಹೇಳುತ್ತಿದ್ದೇನೆ. ಶಿಕ್ಷಕ ಓದಲು ಕೂತರೆ ಮನೆಯವರು ಟಿವಿಯ ಸದ್ದು ಕಡಿಮೆ ಮಾಡುತ್ತಾರೆ. ಶಿಕ್ಷಕಿ ಓದಲು ಕೂತರೆ "ಒಲಿ ಮ್ಯಾಲ ಏನೈತಿ?" ಎಂದು ಕೇಳುತ್ತಾರೆ. ಅನುಭವ ಮಂಟಪದಲ್ಲಿ ಹೆಣ್ಣುಮಕ್ಕಳು ಗಂಡಸರ ಸರಿಸಮ ಕೂತು ಚರ್ಚೆ ಮಾಡಿದರು ಎಂದು ನಾವು ಎಲ್ಲ ವೇದಿಕೆಯಲ್ಲೂ ಹೆಮ್ಮೆಯಿಂದ ಹೇಳುತ್ತೇವೆ. ಆ ಸಮಾನತೆ ನಮ್ಮ ಅಡುಗೆಮನೆಗೂ ಬರಬೇಕು. ನನ್ನ ಓದಿನ ಮೂರು ವರ್ಷ ನಮ್ಮ ಅತ್ತೆಯವರು ಬೆಳಗಿನ ರೊಟ್ಟಿ ಬಡಿದರು, ನಮ್ಮ ಮನೆಯವರು ಮಕ್ಕಳನ್ನು ಶಾಲೆಗೆ ತಯಾರು ಮಾಡಿದರು. ನನ್ನ ಅಂಕಪಟ್ಟಿಯಲ್ಲಿ ಅವರ ಹೆಸರಿಲ್ಲ. ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ.

ಓದಲು ಹೊರಟವರಿಗೆ ಪ್ರಬಂಧದ ಬಗ್ಗೆ ಎರಡು ಮಾತು. ವಿಷಯ ಚಿಕ್ಕದಿರಲಿ, ನಿಮ್ಮದೇ ಶಾಲೆಯದಿರಲಿ. "ಕರ್ನಾಟಕದ ಪ್ರೌಢಶಿಕ್ಷಣ: ಒಂದು ಅಧ್ಯಯನ" ಎಂಬಂಥ ವಿಷಯ ಬೇಡ. ಏಳನೇ ಕ್ಲಾಸಿನ ಮಕ್ಕಳು ಓದುವಾಗ ಯಾವ ಒತ್ತಕ್ಷರದಲ್ಲಿ ತಡವರಿಸುತ್ತಾರೆ? ಕಬ್ಬು ಕಡಿಯಲು ಹೋದ ಮನೆಗಳ ಮಕ್ಕಳು ತಿರುಗಿ ಬಂದಾಗ ಯಾವ ಪಾಠ ಕೈಬಿಟ್ಟಿರುತ್ತದೆ? ಒಂಬತ್ತನೇ ಕ್ಲಾಸಿನ ಹೆಣ್ಣುಮಕ್ಕಳು ಪ್ರಶ್ನೆ ಕೇಳುವುದನ್ನು ಯಾವಾಗ ನಿಲ್ಲಿಸುತ್ತಾರೆ, ಯಾಕೆ? ಇವು ಸಂಶೋಧನೆಯ ವಿಷಯಗಳು. ಇವಕ್ಕೆ ಉತ್ತರ ಸಿಕ್ಕರೆ ನಾಳೆಯೇ ಶಾಲೆಯಲ್ಲಿ ಬಳಕೆಗೆ ಬರುತ್ತದೆ. ಮುಖ್ಯ ಶಿಕ್ಷಕರ ಮತ್ತು ಪಾಲಕರ ಒಪ್ಪಿಗೆ ಪಡೆಯಿರಿ. ಪ್ರಬಂಧದಲ್ಲಿ ಮಗುವಿನ ಹೆಸರು ಹಾಕಬೇಡಿ. ಸರಾಸರಿ, ಶೇಕಡಾವಾರು, ಸ್ವಲ್ಪ ಸಂಖ್ಯಾಶಾಸ್ತ್ರ ಸಾಕು, ಅದಕ್ಕೆ ಹೆದರುವ ಕಾರಣವಿಲ್ಲ. ಫಲಿತಾಂಶ ನೀವು ಅಂದುಕೊಂಡ ಹಾಗೆ ಬರದಿದ್ದರೆ ಬಂದ ಹಾಗೆಯೇ ಬರೆಯಿರಿ. ಸಂಶೋಧನೆಯಲ್ಲಿ ಸತ್ಯ ಹೇಳುವುದೇ ಆಚಾರ.

ಕೊನೆಗೆ, ಪೂಜ್ಯರ ಅಪ್ಪಣೆ ಪಡೆದು ವೇದಿಕೆಯ ಮೇಲಿರುವ ಆಡಳಿತ ಮಂಡಳಿಯ ಹಿರಿಯರಿಗೆ ನಾಲ್ಕು ಬಿನ್ನಹ. ಅಡ್ಡದಾರಿ ಹಿಡಿದ ಶಿಕ್ಷಕರನ್ನಷ್ಟೇ ಬೈದರೆ ನ್ಯಾಯವಾಗುವುದಿಲ್ಲ. ಅನುದಾನವಿಲ್ಲದ ಶಾಲೆಯಲ್ಲಿ ಕಡಿಮೆ ಸಂಬಳಕ್ಕೆ ದುಡಿಯುವ ಶಿಕ್ಷಕಿಗೆ "ಎಂ.ಇಡಿ ಮಾಡಿಕೊಂಡು ಬಾ" ಎಂದು ಹೇಳಿ, ಓದಲು ಒಂದು ದಿನದ ರಜೆಯನ್ನೂ ಕೊಡದಿದ್ದರೆ ಆಕೆ ಎಲ್ಲಿಗೆ ಹೋಗಬೇಕು? ಅಡ್ಡದಾರಿಗೆ ತಳ್ಳಿದವರಲ್ಲಿ ನಾವೆಲ್ಲ ಇದ್ದೇವೆ.

ಒಂದು, ಓದುವ ಶಿಕ್ಷಕರಿಗೆ ಹೊತ್ತು ಕೊಡಿ. ಪರೀಕ್ಷೆಯ ದಿನಗಳಿಗೆ ಸಂಬಳ ಸಹಿತ ರಜೆ ಕೊಡಿ. ರೆಗ್ಯುಲರ್ ಎಂ.ಇಡಿಗೆ ಹೋಗುವವರ ಹುದ್ದೆ ಕಾಯ್ದಿಡಿ.

ಎರಡು, ಹಾಜರಾತಿ ಇಲ್ಲದೆ ತಂದ ಪದವಿಯನ್ನು ನೇಮಕಾತಿಯಲ್ಲಿ ಕೇಳಿ ನೋಡಿ. ಸಂದರ್ಶನದಲ್ಲಿ "ನಿಮ್ಮ ಪ್ರಬಂಧ ಯಾವುದರ ಬಗ್ಗೆ? ಅದರಿಂದ ಏನು ತಿಳಿಯಿತು?" ಎಂದು ಎರಡೇ ಪ್ರಶ್ನೆ ಕೇಳಿ. ಬರೆದವರು ಅರ್ಧ ಗಂಟೆ ಮಾತಾಡುತ್ತಾರೆ, ಬರೆಸಿದವರು ನೆಲ ನೋಡುತ್ತಾರೆ. ನಮ್ಮವರೇ ನಡೆಸುವ ಶಿಕ್ಷಣ ಕಾಲೇಜುಗಳಿದ್ದರೆ ಈ ನಿಯಮ ಅಲ್ಲಿಂದಲೇ ಶುರುವಾಗಲಿ.

ಮೂರು, ಮಠಗಳಲ್ಲಿ ಗ್ರಂಥಾಲಯ ಇದೆ, ಸಭಾಭವನ ಇದೆ, ದಾಸೋಹ ಇದೆ. ಹಿಂದೆ ಪ್ರಸಾದ ನಿಲಯಗಳು ಬಡ ವಿದ್ಯಾರ್ಥಿಗಳಿಗೆ ಅನ್ನ ಮತ್ತು ಆಸರೆ ಕೊಟ್ಟು ಒಂದು ತಲೆಮಾರನ್ನೇ ಎತ್ತಿದವು. ಈಗ ತಿಂಗಳಿಗೆ ಒಂದು ಭಾನುವಾರ ಶಿಕ್ಷಕರ ಅಧ್ಯಯನ ಬಳಗಕ್ಕೆ ಜಾಗ ಕೊಡಿ. ಹತ್ತು ಶಿಕ್ಷಕರು ಕೂತು ಒಂದು ಅಧ್ಯಾಯ ಓದಿ, ತಮ್ಮ ತರಗತಿಯ ಒಂದು ತೊಡಕು ಹೇಳಿಕೊಳ್ಳಲಿ. ಯಾವ ಜಾತಿ, ಯಾವ ಮತದ ಶಿಕ್ಷಕರೇ ಇರಲಿ, ಬಾಗಿಲು ತೆರೆದಿರಲಿ. ಅರಿವಿನ ದಾಸೋಹವೂ ದಾಸೋಹವೇ.

ನಾಲ್ಕು, ವರ್ಷಕ್ಕೊಮ್ಮೆ, ಶಿಕ್ಷಕರ ದಿನದಂದೇ, ನಮಗೆ ಶಾಲು ಹೊದಿಸುವ ಬದಲು ನಾವು ಕಂಡುಕೊಂಡದ್ದನ್ನು ಕೇಳಿ. ಪ್ರತಿ ಶಾಲೆಯಿಂದ ಒಬ್ಬರು ಹತ್ತು ನಿಮಿಷ ಹೇಳಲಿ: ಈ ವರ್ಷ ನನ್ನ ಮಕ್ಕಳ ಬಗ್ಗೆ ನನಗೆ ಹೊಸದಾಗಿ ಏನು ತಿಳಿಯಿತು. ಪಾಲಕರೂ ಕೇಳಲಿ. ಶಿಕ್ಷಕರಿಗೆ ಅದಕ್ಕಿಂತ ದೊಡ್ಡ ಗೌರವ ಇಲ್ಲ.

"ನೌಕರಿ ಐತಿ, ಇನ್ನ್ಯಾಕ ಓದು?" ಎಂದು ಕೇಳಿದವರಿಗೆ ನನ್ನ ಉತ್ತರ ಇಷ್ಟೆ. ಪಗಾರ ನನಗೆ ಬರುತ್ತಿದೆ, ನಿಜ. ಆದರೆ ತರಗತಿಯಲ್ಲಿ ಕೂತ ನಲವತ್ತು ಮಕ್ಕಳಿಗೆ ಬರಬೇಕಾದದ್ದು ಬಂದಿದೆಯೇ ಎಂದು ತಿಳಿಯಲು ಓದಬೇಕು. ಇಲ್ಲಿರುವ ಯುವ ಶಿಕ್ಷಕ ಶಿಕ್ಷಕಿಯರಲ್ಲಿ ನಾಲ್ಕು ಜನ ಈ ವರ್ಷ ನೇರ ದಾರಿಯಲ್ಲಿ ಪ್ರವೇಶ ಪಡೆದರೂ ಈ ಗೋಷ್ಠಿ ಸಾರ್ಥಕ. ಅರ್ಜಿ ತುಂಬುವುದರಿಂದ ಹಿಡಿದು ಪ್ರಬಂಧದವರೆಗೆ ನನ್ನಿಂದ ಆಗುವ ಸಹಾಯ ಮಾಡಲು ಸಿದ್ಧಳಿದ್ದೇನೆ. ಆ ಕನ್ನಡದ ನೋಟ್‌ಬುಕ್ಕನ್ನು ಇವತ್ತು ಮಠದ ಗ್ರಂಥಾಲಯಕ್ಕೆ ಕೊಟ್ಟು ಹೋಗುತ್ತೇನೆ. ಬೇಕಾದವರು ಓದಿ, ತಿದ್ದಿ, ನಿಮ್ಮ ಪುಟಗಳನ್ನೂ ಸೇರಿಸಿ.